ಓದಿ ಕಲಿಯುವ ಯಂತ್ರ



ತರಗತಿಯಲ್ಲಿ ಕಠಿಣ ಪದಗಳ ಅರ್ಥವನ್ನು ನಾನು ಒಡನೆಯೇ ಹೇಳುತ್ತಿರಲಿಲ್ಲವೆಂಬುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. "ಹಿಂದಿನ ವಾಕ್ಯ ಓದು, ಮುಂದಿನದನ್ನೂ ಓದು, ಆಮೇಲೆ ನೀನೇ ಹೇಳು" ಎನ್ನುತ್ತಿದ್ದೆ. ಇಂದು ಗಣಕಯಂತ್ರಗಳು ಭಾಷೆಯನ್ನು ಕಲಿಯುತ್ತಿರುವುದೂ ಬಹುಮಟ್ಟಿಗೆ ಇದೇ ಮಾರ್ಗದಲ್ಲಿ. 'ಕಾಲು ನೋಯುತ್ತಿದೆ', 'ಕಾಲು ಕಿಲೋ ಬೆಲ್ಲ' ಎಂಬಂಥ ಲಕ್ಷಾಂತರ ವಾಕ್ಯಗಳನ್ನು ಓದಿದ ಯಂತ್ರವು ಅಕ್ಕಪಕ್ಕದ ಪದಗಳಿಂದಲೇ ಎರಡು 'ಕಾಲು'ಗಳ ಭೇದವನ್ನು ಗ್ರಹಿಸುತ್ತದೆ.

ಈ ವಿಧಾನ ನಿಘಂಟುಕಾರರಿಗೆ ಹೊಸದಲ್ಲ. 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟಾಗಲಿ, 1995ರಲ್ಲಿ ಪೂರ್ಣಗೊಂಡ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಾಗಲಿ ಗ್ರಂಥಗಳಲ್ಲಿನ ಪ್ರಯೋಗಗಳನ್ನು ಕಲೆಹಾಕಿಯೇ ಅರ್ಥವನ್ನು ನಿರ್ಣಯಿಸಿದವು. ಅದೇ ಸಂಗ್ರಹಕಾರ್ಯವನ್ನು ಯಂತ್ರಕ್ಕಾಗಿ ಮಾಡಿದವರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದವರು ಮೊದಲಿಗರು. 1961ರಲ್ಲಿ ಮುದ್ರಿತವಾದ ಇಂಗ್ಲಿಷ್ ಬರಹಗಳಿಂದ ಅವರು ಹತ್ತು ಲಕ್ಷ ಪದಗಳನ್ನು ಸಂಗ್ರಹಿಸಿದರು.

ಕನ್ನಡದ ಪಾಲಿಗೆ ಈ ಕೆಲಸ ನಡೆದದ್ದು ನಮ್ಮ ಮೈಸೂರಿನಲ್ಲಿಯೇ ಎಂಬುದು ಅನೇಕರಿಗೆ ತಿಳಿಯದು. ಮಾನಸಗಂಗೋತ್ರಿಯಲ್ಲಿರುವ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಸ್ಥಾಪನೆಯಾದದ್ದು 1969ರಲ್ಲಿ. ಕೇಂದ್ರ ಸರ್ಕಾರದ ಇಲೆಕ್ಟ್ರಾನಿಕ್ಸ್ ಇಲಾಖೆ 1991ರಲ್ಲಿ ಆರಂಭಿಸಿದ ಯೋಜನೆಯ ಅಡಿಯಲ್ಲಿ ದಕ್ಷಿಣದ ನಾಲ್ಕು ಭಾಷೆಗಳ ಪಠ್ಯಸಂಗ್ರಹ ಈ ಸಂಸ್ಥೆಯ ಪಾಲಿಗೆ ಬಂತು. ಒಂದೊಂದು ಭಾಷೆಗೆ ಸುಮಾರು 30 ಲಕ್ಷ ಪದಗಳು! ಮುದ್ರಿತ ಪುಟಗಳನ್ನು ಕೈಯಾರೆ ಬೆರಳಚ್ಚಿಸಬೇಕಾದ ಕಾಲವದು.

ಆದರೂ ಅದು ಸಾಲದು. ಮನೆ, ಮನೆಯಲ್ಲಿ, ಮನೆಯಿಂದ, ಮನೆಯವರಿಗೂ ಎಂದು ಕನ್ನಡದ ಒಂದೇ ಪದ ಹತ್ತಾರು ವೇಷ ತಾಳುತ್ತದೆ. ಎಲ್ಲ ವೇಷಗಳೂ ಪರಿಚಯವಾಗಬೇಕಾದರೆ ಯಂತ್ರ ಹೆಚ್ಚು ಓದಬೇಕು. ಈಗ ಅದು ಅಂತರ್ಜಾಲವನ್ನೇ ಓದುತ್ತಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಅದಕ್ಕೊಂದು ಪಠ್ಯಪುಸ್ತಕ.

ಇಲ್ಲಿ ನನ್ನದೊಂದು ಅನುಭವ ಹೇಳಬೇಕು. ತಾಯಿಯವರ ಬಾಯಿಂದ ಕೇಳಿದ ಗಾದೆ, ಒಗಟು, ಅಡುಗೆಯ ಮಾತುಗಳನ್ನು ಬಹಳ ಹಿಂದೆ ಹಳೆಯ ಅಕ್ಷರವಿನ್ಯಾಸದ ತಂತ್ರಾಂಶವೊಂದರಲ್ಲಿ ಬೆರಳಚ್ಚಿಸಿ ಇಟ್ಟಿದ್ದೆ. ಈಚೆಗೆ ಮೊಮ್ಮಗ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸಿತು. ಯೂನಿಕೋಡಿನಲ್ಲಿ ಇಲ್ಲದ ಕಾರಣ ಕಡತದ ಒಳಗಿದ್ದದ್ದು ಕನ್ನಡವೇ ಆಗಿರಲಿಲ್ಲ, ಕಣ್ಣಿಗಷ್ಟೇ ಕನ್ನಡ! ಅಂತಹ ಬರಹವನ್ನು ಯಂತ್ರ ಓದಿದರೂ ಕಲಿಯುವುದೇನು? ಕಾಗದದ ಪ್ರತಿ ಉಳಿದಿದ್ದುದರಿಂದ ದಿನಕ್ಕೊಂದು ಪುಟದಂತೆ ಮತ್ತೆ ಬೆರಳಚ್ಚಿಸುತ್ತಿದ್ದೇನೆ.

ಯಂತ್ರ ತಾನು ಓದದ ಕನ್ನಡವನ್ನು ಅರಿಯಲಾರದು. ನಾಳೆ ಮಕ್ಕಳು ಅದನ್ನೇ ಪ್ರಶ್ನೆ ಕೇಳುವಾಗ ನಮ್ಮ ಅಜ್ಜಿಯರ ಮಾತು ಅದರ ಉತ್ತರದಲ್ಲಿ ಇರಬೇಕೋ ಬೇಡವೋ ಎಂಬುದು ನಮ್ಮ ಕೈಯಲ್ಲಿದೆ. ನಿಮ್ಮ ಮನೆಯ ಹಳೆಯ ಪತ್ರ, ದಿನಚರಿ, ಹಾಡುಗಳನ್ನು ಯೂನಿಕೋಡಿನಲ್ಲಿ ಬರೆದಿಡಿ. ಮೇಷ್ಟರು ಕೊಡುತ್ತಿರುವ ಮನೆಗೆಲಸವೆಂದೇ ತಿಳಿಯಿರಿ. ಕಾಗುಣಿತ ತಪ್ಪಬೇಡಿ, ಈ ಹೊಸ ವಿದ್ಯಾರ್ಥಿ ತಪ್ಪನ್ನೂ ಶ್ರದ್ಧೆಯಿಂದಲೇ ಕಲಿಯುತ್ತಾನೆ.