ಒಟ್ಟು ಅಂಕದ ಹಿಂದೆ ಅಡಗಿದ ಗುಂಪುಗಳು

ತೂಕಕ್ಕೆ ಕಿಲೋಗ್ರಾಮ್ ಇದೆ, ಉಷ್ಣತೆಗೆ ಡಿಗ್ರಿ ಇದೆ. ಬದುಕಿನ ಆಘಾತಗಳಿಗೆ ಯಾವ ಮಾನವಿದೆ? 1967ರಲ್ಲಿ ಅಮೆರಿಕದ ಮನೋವೈದ್ಯರಾದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರೇ ಅಂಥದೊಂದು ಮಾನವನ್ನು ಪ್ರಕಟಿಸಿದರು. 394 ಜನರ ಅಭಿಪ್ರಾಯ ಪಡೆದು 43 ಘಟನೆಗಳಿಗೆ ಅಂಕಗಳನ್ನು ನಿಗದಿಪಡಿಸಿದರು. ಬಾಳಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73, ಮದುವೆಗೆ 50, ಕೆಲಸದಿಂದ ವಜಾ ಆಗುವುದಕ್ಕೆ 47. ಒಳ್ಳೆಯದಿರಲಿ ಕೆಟ್ಟದಿರಲಿ, ಹೊಂದಿಕೊಳ್ಳಬೇಕಾದ ಬದಲಾವಣೆ ಹೆಚ್ಚಿದಷ್ಟೂ ಕಾಯಿಲೆಯ ಸಾಧ್ಯತೆ ಹೆಚ್ಚುತ್ತದೆ ಎಂಬುದು ಅವರ ಊಹೆ.

ಇಲ್ಲೊಂದು ತೊಡಕಿದೆ. ಮದುವೆಯಾಗಿ (50) ಹೊಸ ಮನೆಗೆ ಹೋದವರ (20) ಮೊತ್ತ 70. ಮೇಲಧಿಕಾರಿಯೊಡನೆ ವಿರಸ ಉಂಟಾಗಿ (23) ಕೆಲಸ ಕಳೆದುಕೊಂಡವರ (47) ಮೊತ್ತವೂ 70. ಇಬ್ಬರ ಸ್ಥಿತಿಯೂ ಒಂದೇ ಎನ್ನುತ್ತೀರಾ? ಮೊತ್ತ ಸಮನಾದರೂ ಘಟನೆಗಳ ವಿನ್ಯಾಸ ಬೇರೆ.

ವಿನ್ಯಾಸವನ್ನೇ ಓದುವ ಗಣಿತ ಆ ವೇಳೆಗಾಗಲೇ ಹುಟ್ಟಿತ್ತು. ಅದೇ ಲೇಟೆಂಟ್ ಕ್ಲಾಸ್ ಅನಾಲಿಸಿಸ್, ಅಂದರೆ ಸುಪ್ತ ವರ್ಗ ವಿಶ್ಲೇಷಣೆ. ಇದರ ಜನಕ ವಿಯೆನ್ನಾದ ಪಾಲ್ ಲಾಜರ್ಸ್‌ಫೆಲ್ಡ್ (1901–1976). ಭೌತವಿಜ್ಞಾನ ಓದುವ ನಿಮಗೆ ಕುತೂಹಲವೆನಿಸಬಹುದಾದ ಸಂಗತಿಯೆಂದರೆ, ಇವರ ಡಾಕ್ಟರೇಟ್ ಪ್ರಬಂಧ ಐನ್‌ಸ್ಟೈನರ ಗುರುತ್ವ ಸಿದ್ಧಾಂತದ ಪ್ರಕಾರ ಬುಧಗ್ರಹದ ಪುರರವಿ ಬಿಂದುವಿನ ಚಲನೆಯನ್ನು ಕುರಿತದ್ದು!

ಸಮಾಜ ಸಂಶೋಧನೆಯತ್ತ ತಿರುಗಿದ ಅವರು ಮಾರಿ ಯಹೋಡಾ ಮತ್ತು ಹಾನ್ಸ್ ಝೈಸಲ್ ಅವರೊಡನೆ ವಿಯೆನ್ನಾ ಸಮೀಪದ ಮರಿಯೆಂಥಾಲ್ ಹಳ್ಳಿಯನ್ನು ಅಧ್ಯಯನ ಮಾಡಿದರು. ಆರ್ಥಿಕ ಕುಸಿತದಿಂದ ಜವಳಿ ಗಿರಣಿ ಮುಚ್ಚಿ, ಇಡೀ ಹಳ್ಳಿಯೇ ನಿರುದ್ಯೋಗಕ್ಕೆ ಸಿಲುಕಿತ್ತು. ಬಿಡುವು ಹೆಚ್ಚಿದರೂ ಜನ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಆಘಾತ ಒಂದೇ ಆದರೂ ಎಲ್ಲ ಕುಟುಂಬಗಳೂ ಒಂದೇ ರೀತಿ ಸ್ಪಂದಿಸಲಿಲ್ಲ. ಎದೆಗುಂದದವರು, ಇದ್ದುದಕ್ಕೆ ಒಗ್ಗಿಕೊಂಡವರು, ಹತಾಶರು, ನಿರಾಸಕ್ತರು ಎಂಬ ನಾಲ್ಕು ಬಗೆಗಳು 1933ರಲ್ಲಿ ಪ್ರಕಟವಾದ ವರದಿಯಲ್ಲಿವೆ. ಈ ವಿಂಗಡಣೆಯನ್ನು ಸಂಶೋಧಕರು ಮಾಹಿತಿ ಕಲೆಹಾಕಿ, ತಮ್ಮ ವಿವೇಚನೆಯಿಂದ ಮಾಡಿದ್ದರು.

ಅದೇ ವರ್ಷ ಲಾಜರ್ಸ್‌ಫೆಲ್ಡ್ ಅಮೆರಿಕಕ್ಕೆ ಹೋದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರ ಮನೋಭಾವಗಳ ಬಗ್ಗೆ ನಡೆದ ಸಮೀಕ್ಷೆಗಳ ಆಧಾರದ ಮೇಲೆ ಪ್ರಕಟವಾದ 1950ರ ಸಂಪುಟದಲ್ಲಿ ತಮ್ಮ ಗಣಿತವನ್ನು ಮಂಡಿಸಿದರು.

ಅದರ ತಿರುಳನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯೋಣ. ತಲಾ 100 ಜನರ ಎರಡು ವರ್ಗಗಳಿವೆ ಎನ್ನಿ. ಮೊದಲ ವರ್ಗದಲ್ಲಿ ಕೆಲಸ ಕಳೆದುಕೊಳ್ಳುವ ಸಂಭವನೀಯತೆ 0.8, ಸಾಲಕ್ಕೆ ಸಿಲುಕುವುದೂ 0.8. ಎರಡನೆಯದರಲ್ಲಿ ಎರಡೂ 0.2. ಒಂದು ವರ್ಗದೊಳಗೆ ಈ ಘಟನೆಗಳಿಗೆ ಪರಸ್ಪರ ಸಂಬಂಧವಿಲ್ಲವೆಂದು ಭಾವಿಸಿ. ಆಗ ಎರಡೂ ಘಟನೆಗಳನ್ನು ಕಂಡವರು ಮೊದಲ ವರ್ಗದಲ್ಲಿ 64, ಎರಡನೆಯದರಲ್ಲಿ 4, ಒಟ್ಟು 68. ವರ್ಗಗಳನ್ನು ಮರೆತು 200 ಜನರನ್ನು ಒಟ್ಟಾಗಿ ನೋಡಿದರೆ, ಕೆಲಸ ಕಳೆದುಕೊಂಡವರು ಅರ್ಧ, ಸಾಲಗಾರರು ಅರ್ಧ. ಘಟನೆಗಳು ಸ್ವತಂತ್ರವಾಗಿದ್ದಿದ್ದರೆ ಎರಡನ್ನೂ ಕಂಡವರು 50 ಇರಬೇಕಿತ್ತು. ಹೆಚ್ಚುವರಿ 18 ಜನ ಎಲ್ಲಿಂದ ಬಂದರು? ವರ್ಗಗಳು ಬೆರೆತದ್ದರಿಂದ. ಉತ್ತರಗಳ ನಡುವಿನ ಸಂಬಂಧವೇ ಅಡಗಿದ ವರ್ಗಗಳ ಸುಳಿವು.

ನಿಜವಾದ ಸಮೀಕ್ಷೆಯಲ್ಲಿ ಲೆಕ್ಕ ಹಿಮ್ಮುಖವಾಗಿ ಸಾಗುತ್ತದೆ. ನಮ್ಮ ಕೈಯಲ್ಲಿರುವುದು ‘ಹೌದು’, ‘ಇಲ್ಲ’ ಎಂಬ ಉತ್ತರಗಳಷ್ಟೇ. ವರ್ಗಗಳ ಗಾತ್ರ ಮತ್ತು ಸಂಭವನೀಯತೆಗಳನ್ನು ಅವುಗಳಿಂದಲೇ ಪಡೆಯಬೇಕು. ಇದಕ್ಕೆ ಎರಡು ಪ್ರಶ್ನೆ ಸಾಲವು. ಎರಡು ವರ್ಗಗಳಿಗೂ ಕನಿಷ್ಠ ಮೂರು ಬೇಕು. ಈ ಲೆಕ್ಕ ಬಹಳ ಕಾಲ ತೊಡಕಿನದಾಗಿತ್ತು. 1974ರಲ್ಲಿ ಲಿಯೋ ಗುಡ್‌ಮನ್ ಹಂತಹಂತವಾಗಿ ಅಂದಾಜನ್ನು ತಿದ್ದುತ್ತ ಹೋಗುವ ಸಮರ್ಪಕ ವಿಧಾನ ಕೊಟ್ಟರು. ಇಂದು ಕಂಪ್ಯೂಟರ್ ಅದನ್ನು ಕ್ಷಣಾರ್ಧದಲ್ಲಿ ಮಾಡುತ್ತದೆ.

ಆದರೆ ವರ್ಗಗಳು ಎಷ್ಟು, ಅವುಗಳ ಹೆಸರೇನು ಎಂಬುದನ್ನು ತೀರ್ಮಾನಿಸುವವರು ನಾವೇ. ನಮ್ಮ ಉದಾಹರಣೆಯಲ್ಲಿ ಎರಡೂ ಘಟನೆ ಕಂಡವರು ಮೊದಲ ವರ್ಗದವರಾಗಿರುವ ಸಂಭವನೀಯತೆ 64/68, ಸುಮಾರು ಶೇಕಡಾ 94. ಉಳಿದ 4 ಜನ ಇನ್ನೊಂದು ವರ್ಗದವರು. ಉತ್ತರಪತ್ರ ನೋಡಿ ಅವರನ್ನು ಬೇರ್ಪಡಿಸಲಾಗದು. ಶಿಕ್ಷಕರೇ, ಇಂಥ ಸಮೀಕ್ಷೆಯ ಫಲಿತಾಂಶ ನಿಮ್ಮ ಕೈಸೇರಿ, ಯಾವುದೇ ವಿದ್ಯಾರ್ಥಿಗೆ ‘ಅಪಾಯದ ಗುಂಪು’ ಎಂಬ ಹಣೆಪಟ್ಟಿ ಹಚ್ಚುವ ಮೊದಲು, ಆ 4 ಜನರನ್ನು ನೆನೆಯಿರಿ. ವರ್ಗ ಎಂಬುದು ಸಂಭವನೀಯತೆಯ ಮಾತು. ಅದು ವ್ಯಕ್ತಿಯ ಗುಣವಲ್ಲ.