ಪ್ರಯೋಗಾಲಯದಲ್ಲಿ ರಕ್ತ: ಗುಲ್ಮದ ಗಂಟಿನಿಂದ ಎರಡು ಚಮಚದವರೆಗೆ

ನಮ್ಮ ಅಸ್ಥಿಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳನ್ನು ಹುಟ್ಟಿಸುತ್ತದೆ. ಇದೇ ಕೆಲಸವನ್ನು ದೇಹದ ಹೊರಗೆ ಮಾಡಿಸಲು ವಿಜ್ಞಾನಿಗಳು ದಶಕಗಳಿಂದ ಹೆಣಗುತ್ತಿದ್ದಾರೆ. ರಕ್ತಕಣ ತಯಾರಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಾಗಿದೆ. ಸಾಕಷ್ಟು ತಯಾರಿಸಬಹುದೇ ಎಂಬುದು ಇನ್ನೂ ಬಗೆಹರಿದಿಲ್ಲ.

ಮೊದಲ ಸುಳಿವು ಸಿಕ್ಕಿದ್ದು 1961ರಲ್ಲಿ, ಟೊರಾಂಟೊದಲ್ಲಿ. ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್, ವಿಕಿರಣದಿಂದ ಮಜ್ಜೆ ನಾಶವಾದ ಇಲಿಗಳಿಗೆ ಬೇರೆ ಇಲಿಗಳ ಮಜ್ಜೆಯನ್ನು ಚುಚ್ಚಿದರು. ಕೆಲವೇ ದಿನಗಳಲ್ಲಿ ಗುಲ್ಮದ ಮೇಲೆ ಗಂಟುಗಳೆದ್ದವು. ಒಂದೊಂದು ಗಂಟೂ ಒಂದೊಂದು ಕೋಶದ ಸಂತಾನ ಎಂಬುದು ಮುಂದೆ ರುಜುವಾತಾಯಿತು. ರಕ್ತದ ಆಕರಕೋಶ (ಸ್ಟೆಮ್ ಸೆಲ್) ಇದೆ ಎನ್ನಲು ಅದೇ ಆಧಾರ.

ಆ ಕೋಶಕ್ಕೆ ದೇಹ ಯಾವ ಸೂಚನೆ ಕೊಡುತ್ತದೆ ಎಂಬುದು ನಿಧಾನವಾಗಿ ತಿಳಿಯಿತು. ಕೆಂಪುಕಣ ಬೆಳೆಸುವ ಎರಿತ್ರೊಪೊಯೆಟಿನ್‌ನ ಜೀನು 1985ರ ಹೊತ್ತಿಗೆ ಕೈಗೆ ಬಂತು. ಪ್ಯಾರಿಸ್ಸಿನ ಲುಕ್ ಡುಯೆ ತಂಡ 2005ರಲ್ಲಿ ಆಕರಕೋಶಗಳಿಂದ ಪಕ್ವ ಕೆಂಪುಕಣಗಳನ್ನು ಬೆಳೆಸಿತು. ಇಲ್ಲಿನ ಕಠಿಣ ಘಟ್ಟ ಕೊನೆಯದು: ಪಕ್ವವಾಗುವ ಕಣ ತನ್ನ ಕೋಶಕೇಂದ್ರವನ್ನು ಹೊರದೂಡಬೇಕು. 2011ರಲ್ಲಿ ಅದೇ ತಂಡ ಸ್ವಯಂಸೇವಕರೊಬ್ಬರ ಆಕರಕೋಶಗಳಿಂದ ಬೆಳೆಸಿದ ಸುಮಾರು 1,000 ಕೋಟಿ ಕಣಗಳನ್ನು ಅವರಿಗೇ ಮರಳಿ ನೀಡಿತು. ಅವು ಸಹಜ ಕಣಗಳಷ್ಟೇ ಬಾಳಿದವು. ಆದರೆ ಅದು ಬರೀ 2 ಮಿಲಿಲೀಟರಿನಷ್ಟು ರಕ್ತಕಣ. ರೋಗಿಗೆ ಕೊಡುವ ಒಂದು ಯೂನಿಟ್ ರಕ್ತಕ್ಕೆ ಸುಮಾರು 2 ಲಕ್ಷ ಕೋಟಿ ಬೇಕು.

ದಾನಿಗಳ ಆಕರಕೋಶ ಕೆಲವು ಸುತ್ತು ವಿಭಜಿಸಿ ಸೋಲುತ್ತದೆ. ಶಿನ್ಯಾ ಯಮನಾಕ 2007ರಲ್ಲಿ ಮನುಷ್ಯರ ಚರ್ಮದ ಕೋಶಗಳನ್ನೇ ಆಕರಕೋಶದ ಸ್ಥಿತಿಗೆ ಮರಳಿಸಿದಾಗ ಬತ್ತದ ಮೂಲವೊಂದು ಸಿಕ್ಕಂತಾಯಿತು. ಆದರೆ ಅವುಗಳಿಂದ ಬಂದ ಕೆಂಪುಕಣಗಳಲ್ಲಿ ಹೆಚ್ಚಾಗಿ ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ನೇ ಇತ್ತು, ಕೋಶಕೇಂದ್ರವೂ ಸುಲಭವಾಗಿ ಹೊರಬೀಳಲಿಲ್ಲ. ಕೋಶಕೇಂದ್ರವೇ ಇಲ್ಲದ ಪ್ಲೇಟ್‌ಲೆಟ್‌ಗಳಲ್ಲಿ ಹಾದಿ ತುಸು ಸಲೀಸಾಯಿತು. ರಕ್ತಪ್ರವಾಹದ ಸುಳಿಗಳು ಪ್ಲೇಟ್‌ಲೆಟ್ ತಾಯಿಕೋಶದಿಂದ ಕಳಚಿಕೊಳ್ಳಲು ನೆರವಾಗುತ್ತವೆ ಎಂದು ಕಂಡುಕೊಂಡ ಕ್ಯೋಟೊದ ಕೋಜಿ ಎಟೊ ತಂಡ, ಅಂಥದ್ದೇ ಸುಳಿ ಏಳಿಸುವ 8 ಲೀಟರಿನ ಪಾತ್ರೆಯಲ್ಲಿ 10,000 ಕೋಟಿ ಪ್ಲೇಟ್‌ಲೆಟ್ ಪಡೆದುದನ್ನು 2018ರಲ್ಲಿ ಪ್ರಕಟಿಸಿತು.

2022ರ ನವೆಂಬರಿನಲ್ಲಿ ಬ್ರಿಟನ್ನಿನ 'ರಿಸ್ಟೋರ್' ಪ್ರಯೋಗ ಸುದ್ದಿಯಾಯಿತು: ದಾನಿಗಳ ಆಕರಕೋಶದಿಂದ ಬೆಳೆಸಿದ ಕೆಂಪುಕಣಗಳನ್ನು ಮೊದಲ ಬಾರಿ ಬೇರೊಬ್ಬರಿಗೆ ನೀಡಲಾಯಿತು. 5 ಲಕ್ಷ ಆಕರಕೋಶ 5,000 ಕೋಟಿ ಕಣಗಳಾಗುತ್ತವೆ. ಸೋಸಿದ ಮೇಲೆ ತಕ್ಕ ಹದದವು ಉಳಿಯುವುದು 1,500 ಕೋಟಿ. 24 ಲೀಟರ್ ಪೋಷಕ ದ್ರಾವಣ ಬಳಸಿದರೆ ಸಿಗುವುದು ಒಂದೆರಡು ಚಮಚ.

ಈ ಚಮಚ ಯಾರಿಗೆ ಸಲ್ಲಬೇಕು? 1952ರಲ್ಲಿ ವೈ. ಎಂ. ಭೆಂಡೆ ಮತ್ತು ಸಂಗಡಿಗರು ಗುರುತಿಸಿದ 'ಬಾಂಬೆ' ಗುಂಪಿನವರಿಗೆ ಓ ರಕ್ತವೂ ಒಗ್ಗದು. ತೀವ್ರ ಥಲಸ್ಸೇಮಿಯಾ ಇರುವ ಮಕ್ಕಳಿಗೆ ಬದುಕಿಡೀ ರಕ್ತ ಬೇಕು, ಪ್ರತಿ ಬಾಟಲಿಯೊಂದಿಗೂ ಮೈಯಲ್ಲಿ ಕಬ್ಬಿಣ ಸೇರುತ್ತದೆ. ಬೆಳೆಸಿದ ಕಣಗಳೆಲ್ಲ ಹೊಸವಾದ್ದರಿಂದ ಹೆಚ್ಚು ಕಾಲ ಬಾಳಿ, ರಕ್ತ ಕೊಡುವ ಸರದಿಯನ್ನು ಕಡಿಮೆ ಮಾಡಬಹುದೆಂಬ ನಿರೀಕ್ಷೆಯಿದೆ. ರಕ್ತದಾನಕ್ಕೆ ಬದಲಿಯಾಗಿ ಈ ವಿದ್ಯೆಯನ್ನು ನೋಡುವುದು ಸಲ್ಲದು. ದಾನಿಗಳ ಸಾಲು ಎಷ್ಟೇ ಉದ್ದವಿದ್ದರೂ ಹೊಂದುವ ರಕ್ತ ಸಿಗದವರಿದ್ದಾರಲ್ಲ, ಮೊದಲ ಹಕ್ಕು ಅವರದು. ಸಂಶೋಧನೆಯ ಹಣವೂ ಶ್ರಮವೂ ಅವರನ್ನು ಮುಂದಿಟ್ಟುಕೊಂಡೇ ಸಾಗಬೇಕು.