ನೀರಿನಲ್ಲಿ ನಿಂತ ಬಾಯಾರಿಕೆ

ಕೃಷ್ಣೆಯ ಈ ದಂಡೆಗೆ ಜುಗೂಳ, ಆ ದಂಡೆಗೆ ಖಿದ್ರಾಪುರ. ಖಿದ್ರಾಪುರದ ಕೋಪೇಶ್ವರ ದೇವಾಲಯವನ್ನು ಕುರಿತು ಬರೆದವರು ಅನೇಕರುಂಟು. ನಾನು ಹೇಳಹೊರಟಿರುವುದು ಕಲ್ಲಿನ ಚರಿತ್ರೆಯಲ್ಲ, ಬಟಾಟಿಯ ಚರಿತ್ರೆ. ವಾಚಕರು ನಗಬಾರದು. ಈ ಸೀಮೆಯ ಕಬ್ಬಿನ ಹೊಲಗಳನ್ನು ಸವಳು ಹೇಗೆ ಕೆಡಿಸುತ್ತದೆಂಬುದಕ್ಕೆ ಉತ್ತರ ಶಾಲೆಯ ಮೇಜಿನ ಮೇಲಿನ ನಾಲ್ಕು ಬಟಾಟಿ ತುಂಡುಗಳಲ್ಲಿದೆ.

ಒಂದೇ ಅಳತೆಯ ತುಂಡುಗಳನ್ನು ಕೊಯ್ದು ತೂಗುತ್ತಾರೆ. ಒಂದನ್ನು ಬರಿಯ ನೀರಿನಲ್ಲಿ, ಉಳಿದವನ್ನು ಒಂದಕ್ಕಿಂತ ಒಂದು ಹೆಚ್ಚು ಉಪ್ಪಿರುವ ನೀರಿನಲ್ಲಿ ಇಡುತ್ತಾರೆ. ಕೆಲವು ಗಂಟೆಗಳ ತರುವಾಯ ಒರೆಸಿ ತೂಗಿದರೆ ಮೊದಲನೆಯದು ಬಿಗಿದು ಭಾರವಾಗಿದೆ. ಕಡೆಯದು ನೀರಿನಲ್ಲಿ ಮುಳುಗಿದ್ದೂ ಬಾಡಿದೆ. ನಡುವೆ ಒಂದು ಹದದಲ್ಲಿ ಮಾತ್ರ ತೂಕ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಉಪ್ಪು ಬೆರೆಸಿದ ಮಾವಿನ ಹೋಳು ಭರಣಿಯಲ್ಲಿ ನೀರು ಬಿಡುವುದನ್ನು ಬಲ್ಲ ನಮ್ಮ ತಾಯಂದಿರಿಗೆ ಇದರಲ್ಲಿ ಅರ್ಧ ಹೊಸದಲ್ಲ.

ಮನೆಯ ಈ ತಿಳಿವು ಶಾಸ್ತ್ರವಾದದ್ದು ಯುರೋಪಿನಲ್ಲಿ, ಅದೂ ಆಕಸ್ಮಿಕವಾಗಿ. 1748ರಲ್ಲಿ ಫ್ರಾನ್ಸಿನ ಪಾದ್ರಿ ನೊಲೆ, ಮದ್ಯಸಾರದ ಸೀಸೆಗೆ ಗಾಳಿ ತಾಗದಿರಲೆಂದು ಪ್ರಾಣಿಯ ಮೂತ್ರಕೋಶದ ಪೊರೆ ಕಟ್ಟಿ ನೀರಿನಲ್ಲಿಟ್ಟ. ನೀರು ಒಳನುಗ್ಗಿ ಪೊರೆ ಉಬ್ಬಿತು. ಸೂಜಿ ಚುಚ್ಚಿದೊಡನೆ ಚಿಮ್ಮಿತು. 1877ರಲ್ಲಿ ಸಸ್ಯಶಾಸ್ತ್ರಜ್ಞ ಫೆಫರ್ ಮಣ್ಣಿನ ಪಾತ್ರೆಯಲ್ಲಿ ಕೃತಕ ಪೊರೆ ಮೂಡಿಸಿ ಆ ಒತ್ತಡವನ್ನು ಅಳೆದ: ಶೇಕಡಾ 1ರ ಸಕ್ಕರೆನೀರಿಗೆ ಪಾದರಸದ 535 ಮಿಲಿಮೀಟರು, ಶೇಕಡಾ 2ಕ್ಕೆ 1016. ಹೂಗೋ ಡಿ ವ್ರೀಸ್ 1884ರಲ್ಲಿ ಎಲೆಯ ಜೀವಕೋಶಗಳಲ್ಲಿ ಆ ಸಮಹದವನ್ನು ಹುಡುಕಿದ. ನಮ್ಮ ಮಕ್ಕಳು ಬಟಾಟಿಯಲ್ಲಿ ಹುಡುಕುವುದೂ ಅದನ್ನೇ. ಈ ಅಳತೆಗಳ ಮೇಲೆ ವಾಂಟ್ ಹಾಫ್ ನಿಯಮ ಕಟ್ಟಿದ. 1901ರಲ್ಲಿ ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ಬಹುಮಾನ ಆತನಿಗೆ ಸಂದಿತು.

ಕನ್ನಡ ಪಠ್ಯಗಳು ಈ ಕ್ರಿಯೆಯನ್ನು ‘ಅಭಿಸರಣೆ’ ಎನ್ನುತ್ತವೆ. ಕಾವ್ಯಪಾಠ ಹೇಳುವ ನನಗೆ ಇರುಳಲ್ಲಿ ನಲ್ಲನೆಡೆಗೆ ನಡೆಯುವ ಅಭಿಸಾರಿಕೆ ನೆನಪಾಗದಿರಳು. ಪದವಿಟ್ಟವರು ರಸಿಕರೇ ಇರಬೇಕು. ಇಲ್ಲಿ ನಡೆದುಹೋಗುವುದು ನೀರು, ಕರೆಯುವುದು ಉಪ್ಪು. ನಡುವಣ ಪೊರೆ ನೀರಿಗೆ ದಾರಿ ಬಿಟ್ಟು ಉಪ್ಪನ್ನು ತಡೆಯುತ್ತದೆ.

ಹೊಲಕ್ಕೆ ಬರೋಣ. ಎರೆಭೂಮಿಗೆ ಹದ ಮೀರಿ ನೀರು ಹಾಯಿಸಿದರೆ ಅದು ಬೇಗ ಬಸಿಯದು. ಅಂತರ್ಜಲ ಮೇಲೇರುತ್ತದೆ, ಕರಗಿದ ಲವಣವೂ ಜೊತೆಗೆ ಬರುತ್ತದೆ. ಬಿಸಿಲಿಗೆ ನೀರು ಆರಿ ಲವಣ ಬೇರಿನ ಬಳಿಯೇ ಉಳಿಯುತ್ತದೆ. ‘ಸವಳು-ಜವಳು’ ಎಂಬ ಜೋಡಿಮಾತು ಉಪ್ಪು, ತೇವ ಎರಡನ್ನೂ ಒಟ್ಟಿಗೆ ಹಿಡಿದಿದೆ. ಹೊರಗಿನ ಉಪ್ಪು ಹೆಚ್ಚಿದಷ್ಟೂ ಬೇರಿಗೆ ನೀರೆಳೆಯುವುದು ಕಷ್ಟ. ಒದ್ದೆ ನೆಲದಲ್ಲಿಯೇ ಬೆಳೆ ಬಾಯಾರುತ್ತದೆ. ಅನರ್ಥವಿರುವುದು ಇಲ್ಲಿ: ಬಾಡಿದ ಗರಿ ಕಂಡ ರೈತ ಮತ್ತೆ ನೀರು ಹಾಯಿಸುತ್ತಾನೆ, ಅಂತರ್ಜಲ ಇನ್ನೊಂದು ಗೇಣು ಏರುತ್ತದೆ. ಮಕ್ಕಳ ಪ್ರಯೋಗವನ್ನು ಅಪ್ಪಂದಿರೂ ನೋಡಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಇಂಥ ನೆಲಕ್ಕೆ ಮೊದಲು ಬೇಕಾದುದು ನೀರು ಹೊರಹೋಗುವ ದಾರಿ. ನೆಲದೊಳಗೆ ತೂತಿನ ಕೊಳವೆ ಹೂಳಿ ಬಸಿಯುವ ಕೆಲಸ ಉಗಾರ ಬುದ್ರುಕದಲ್ಲಿ ನಡೆದಿದೆ. ಬಸಿದ ನೀರು ಹಳ್ಳ ಸೇರಬೇಕಾದರೆ ಕೆಳಗಿನ ಹೊಲದವನು ದಾರಿ ಕೊಡಬೇಕು. ಆ ಮಾತುಕತೆ ಯಾವ ಪ್ರಯೋಗಶಾಲೆಯಲ್ಲೂ ಆಗುವಂಥದಲ್ಲ.